ನಾಲ್ಕು ಹೊತ್ತಿನ ಮಾತ್ರೆ

ಸಂಗೀತದ ಟೀಚರ್ ಗುಬ್ಬಿಯ ಶಾಲೆಯ ಡೈರಿಯಲ್ಲಿ ಕೆಂಪು ಶಾಯಿಯಲ್ಲಿ ಬರೆದು ಕಳಿಸಿದ್ದರು. 'ತಮ್ಮ ಮಗಳು ವಾರ್ಷಿಕೋತ್ಸವದ ಸಮೂಹಗಾನಕ್ಕೆ ಆಯ್ಕೆಯಾಗಿದ್ದಾಳೆ. ಪಕ್ಕದಲ್ಲಿ ನಿಲ್ಲುವ ಮಕ್ಕಳಿಗೆ ತೊಂದರೆಯಾಗದಂತೆ ಅವಳ ವೈಯಕ್ತಿಕ ಸ್ವಚ್ಛತೆಯ ಕಡೆ ದಯವಿಟ್ಟು ಗಮನ ಕೊಡಿ.' ಕೆಳಗೆ ಪೋಷಕರ ಸಹಿಗೆಂದು ಒಂದು ಗೆರೆ, ಅದರ ಕೆಳಗೆ ನಾಲ್ಕು ಬೆರಳಿನಷ್ಟು ಖಾಲಿ ಜಾಗ.

ಅಮ್ಮ ಚಪ್ಪಲಿಯನ್ನೂ ಬಿಡದೆ, ಅಡುಗೆಮನೆಯ ಮೇಜಿನ ಮುಂದೆ ನಿಂತುಕೊಂಡೇ ಅದನ್ನು ಓದಿದಳು. ಅವಳು ಒಂದು ಲಾಡ್ಜಿನ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸಕ್ಕಿದ್ದಳು. ದಿನಕ್ಕೆ ಮುನ್ನೂರು ಹಾಸುಬಟ್ಟೆ ಅವಳ ಕೈಮೇಲೆ ಹಾದುಹೋಗುತ್ತಿದ್ದವು. ಇಸ್ತ್ರಿ ಯಂತ್ರದ ಬಿಸಿ ಉರುಳೆಗೆ ಬಟ್ಟೆ ಕೊಟ್ಟು ಕೊಟ್ಟು ಮುಂಗೈಗಳಲ್ಲಿ ಕಂದು ಬಣ್ಣದ ಸುಟ್ಟ ಗೆರೆಗಳಾಗಿದ್ದವು.

"ಸ್ವಚ್ಛತೆಯಂತೆ," ಅಂದಳು. "ನನಗೇ ಸ್ವಚ್ಛತೆ ಕಲಿಸೋಕೆ ಬಂದಿದಾರೆ. ಊರವರ ಕೊಳೆಯೆಲ್ಲ ಬೆಳ್ಳಗೆ ಮಾಡಿ ಕಳಿಸೋಳು ನಾನು."

"ಕಾಯಿಲೆ ವಿಷಯ ಅವರಿಗೆ ಹೇಳಿಲ್ವೇನೇ?" ಅಂದಳು ಅಜ್ಜಿ. ಅಜ್ಜಿ ಕಿಟಕಿಯ ಬಳಿ ಕೂತು ಅಂಗಿಗಳಿಗೆ ಗುಂಡಿ ಹೊಲಿಯುತ್ತಿದ್ದಳು. ಕೆಳಗಿನ ದರ್ಜಿ ಅಂಗಡಿಯವನು ಬೆಳಿಗ್ಗೆ ಗಂಟು ತಂದುಹಾಕಿ ಸಂಜೆ ಒಯ್ಯುತ್ತಿದ್ದ.

"ಹೆಡ್‌ಮಿಸ್ಸಿಗೆ ಹೇಳಿದೀನಿ, ಡಾಕ್ಟರ್ ಕಾಗದ ಕೊಟ್ಟಿದೀನಿ. ಮಿಕ್ಕ ಟೀಚರುಗಳಿಗೆ ಹೇಳ್ಬೇಡ ಅಂತ ನಿಮ್ಮ ಮೊಮ್ಮಗಳೇ ಅತ್ತೂ ಕರೆದೂ ಒಪ್ಪಿಸಿದ್ದು."

"ಕ್ಲಾಸಲ್ಲಿ ಗೊತ್ತಾಗತ್ತೆ," ಅಂದಳು ಗುಬ್ಬಿ. ನೆಲದ ಮೇಲೆ ಕೂತು ಮೂರನೆಯ ಲೋಟ ನೀರು ಕುಡಿಯುತ್ತಿದ್ದಳು. ವಯಸ್ಸು ಹದಿಮೂರಾದರೂ ನೋಡಿದವರು ಎಂಟೋ ಒಂಬತ್ತೋ ಅನ್ನುತ್ತಿದ್ದರು. ಅದಕ್ಕೇ ಅಜ್ಜಿ ಇಟ್ಟ ಹೆಸರು ಗುಬ್ಬಿ.

ಕಾಯಿಲೆಗೆ ಆಸ್ಪತ್ರೆಯಲ್ಲಿ ಉದ್ದನೆಯ ಹೆಸರಿತ್ತು, ಮನೆಯಲ್ಲಿ ಅದನ್ನು ಹರಳು ಕಾಯಿಲೆ ಅನ್ನುತ್ತಿದ್ದರು. ತಿಂದದ್ದರಲ್ಲಿನ ಯಾವುದೋ ಒಂದು ಅಂಶ ದೇಹದ ಕಣಕಣದಲ್ಲೂ ಉಳಿದು ಹರಳುಗಟ್ಟುತ್ತದೆ. ಕಣ್ಣಿನಲ್ಲಿ ಕಟ್ಟಿದರೆ ಬೆಳಕು ಚುಚ್ಚುತ್ತದೆ, ಕಿಡ್ನಿಯಲ್ಲಿ ಕಟ್ಟಿದರೆ ಕಿಡ್ನಿ ಹೋಗುತ್ತದೆ. ಆ ಹರಳನ್ನು ಕರಗಿಸಲು ಇರುವುದು ಒಂದೇ ಮಾತ್ರೆ. ಆರು ಗಂಟೆಗೊಮ್ಮೆ ಎರಡೆರಡು ನುಂಗಬೇಕು, ಒಂದು ಹೊತ್ತೂ ತಪ್ಪಬಾರದು, ಜೀವ ಇರುವವರೆಗೂ ನುಂಗಬೇಕು. ಆ ಮಾತ್ರೆಯಿಂದಲೇ ವಾಸನೆ. ಉಸಿರಿನಲ್ಲಿ, ಬೆವರಿನಲ್ಲಿ, ದಿಂಬಿನ ಹೊದಿಕೆಯಲ್ಲಿ ಕೊಳೆತ ಮೊಟ್ಟೆಯ ವಾಸನೆ. ಸ್ನಾನ ಮಾಡಿದರೆ ಅರ್ಧ ಗಂಟೆ ಹೋಗಿ ಮತ್ತೆ ಬರುತ್ತಿತ್ತು.

ನಾಲ್ಕು ಹೊತ್ತನ್ನು ನಾಲ್ವರು ಹಂಚಿಕೊಂಡಿದ್ದರು. ಬೆಳಗಿನ ಆರು ಗಂಟೆ ಅಮ್ಮನದು. ಮಧ್ಯಾಹ್ನ ಹನ್ನೆರಡು ಶಾಲೆಯಲ್ಲಿ ಗುಬ್ಬಿಯದೇ. ಸಂಜೆ ಆರು ಅಜ್ಜಿಯದು. ನಡುರಾತ್ರಿ ಹನ್ನೆರಡು ಅಪ್ಪನದು. ಅವನು ಸಿಟಿ ಬಸ್ಸಿನ ಡ್ರೈವರು, ಎರಡನೇ ಪಾಳಿ ಮುಗಿಸಿ ಹನ್ನೊಂದೂವರೆಗೆ ಮನೆ ಸೇರುತ್ತಿದ್ದ. ಬೀರುವಿನ ಬಾಗಿಲ ಒಳಗೆ ನಾಲ್ಕು ಕಾಲಂ ಎಳೆದ ಹಾಳೆ ಅಂಟಿಸಿದ್ದರು. ಅಮ್ಮ ಲಾಡ್ಜಿನ ಬಟ್ಟೆಗೆ ಗುರುತು ಹಾಕುವ ಕಪ್ಪು ಪೆನ್ನಿನಿಂದ, ಅಪ್ಪ ನೀಲಿ ಪೆನ್ನಿನಿಂದ, ಗುಬ್ಬಿ ಪೆನ್ಸಿಲಿನಿಂದ, ಅಜ್ಜಿ ದರ್ಜಿಯ ಸೀಮೆಸುಣ್ಣದಿಂದ ಅವರವರ ಕಾಲಂನಲ್ಲಿ ಗೆರೆ ಎಳೆಯುತ್ತಿದ್ದರು. ಐದು ವರ್ಷದಲ್ಲಿ ಒಂದು ಚೌಕವೂ ಖಾಲಿ ಬಿಟ್ಟಿರಲಿಲ್ಲ.

ಆ ರಾತ್ರಿ ಅಪ್ಪ ಊಟಕ್ಕೆ ಕೂತಾಗ ಅಮ್ಮ ತಟ್ಟೆಯ ಪಕ್ಕದಲ್ಲಿ ಡೈರಿ ಇಟ್ಟಳು.

"ನೀವೇ ಸಹಿ ಹಾಕಿ. ನಾನಂತೂ ಹಾಕಲ್ಲ."

ಅವನು ಓದಿ, ಎಡಗೈಯಲ್ಲೇ ಸಹಿ ಗೀಚಿ ಪಕ್ಕಕ್ಕಿಟ್ಟ. "ನನ್ನ ಬಸ್ಸಲ್ಲಿ ಮೀನಿನ ಬುಟ್ಟಿ ಬರತ್ತೆ, ಕುಡುಕರು ಬರ್ತಾರೆ, ವಾಂತಿ ಮಾಡ್ಕೊಳ್ಳೋರು ಬರ್ತಾರೆ. ಎಲ್ಲಾನೂ ಸಹಿಸ್ಕೊಂಡು ಕೂರ್ತಾರೆ ಜನ. ಒಂದು ಮಗೂದು ಸಹಿಸಕ್ಕಾಗಲ್ವಾ ಇವ್ರಿಗೆ?"

"ಬಸ್ಸಾದ್ರೆ ಇಳಿದು ಹೋಗ್ಬಹುದು. ಹಾಡೋ ಸಾಲಲ್ಲಿ ನಿಂತ ಮೇಲೆ ಎಲ್ಲಿ ಇಳೀತಾರೆ?"

"ಹಾಗಂತ ಏನ್ ಮಾಡೋಣ ಅಂತೀಯ?"

"ನಾನೇನೂ ಅಂತಿಲ್ಲ. ನಿಮ್ಮ ಕಡೆಯಿಂದ ಬಂದಿದ್ದು ಅಂತಾನೂ ಅಂತಿಲ್ಲ."

"ಎರಡೂ ಕಡೆಯಿಂದ ಬಂದ್ರೇನೇ ಬರೋದು ಅಂತ ಡಾಕ್ಟ್ರು ಹೇಳಿದಾರೆ. ನಾನೂ ಕೂತಿದ್ದೆ ಅಲ್ಲಿ."

"ಸಾಕು ಸುಮ್ನಿರ್ರೋ," ಅಂದಳು ಅಜ್ಜಿ ಕತ್ತಲಿನಿಂದ. "ಮಗು ಎದ್ದಿದೆ."

ಗುಬ್ಬಿ ಗೋಡೆಯ ಕಡೆ ತಿರುಗಿ ಮಲಗಿದ್ದಳು.

ಮಾರನೆಯ ದಿನ ಮಧ್ಯಾಹ್ನ ಹನ್ನೆರಡಕ್ಕೆ ಗುಬ್ಬಿ ನೀರಿನ ನಲ್ಲಿಯ ಹಿಂದೆ ಹೋಗಿ, ಕಾಗದದ ಪೊಟ್ಟಣದಿಂದ ಎರಡು ಮಾತ್ರೆ ತೆಗೆದು, ಜಾಮಿಟ್ರಿ ಪೆಟ್ಟಿಗೆಯೊಳಗೆ ರಬ್ಬರಿನ ಕೆಳಗೆ ಇಟ್ಟು ಮುಚ್ಚಿದಳು. ಬಿಸಾಡಲು ಕೈ ಬರಲಿಲ್ಲ. ಆ ಮಾತ್ರೆಯ ಡಬ್ಬಿಗಾಗಿ ಅಮ್ಮ ಮೂರು ತಿಂಗಳಿಗೊಮ್ಮೆ ಆಸ್ಪತ್ರೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಕಾಯುವುದನ್ನು ಅವಳು ಕಂಡಿದ್ದಳು. ಸಂಜೆ ಮನೆಗೆ ಬಂದು ಹಾಳೆಯ ಮೇಲೆ ಪೆನ್ಸಿಲಿನಿಂದ ಗೆರೆ ಎಳೆದಳು.

ಅದೇ ವಾರ ಅಜ್ಜಿ ಮೇಲಿನ ಮಹಡಿಯ ಟ್ಯೂಷನ್ ಟೀಚರಮ್ಮನ ಅಂಗಿಗೆ ಗುಂಡಿ ಹಾಕಿ ಕೊಡಲು ಹೋದಳು. ಗುಬ್ಬಿ ಸಂಜೆ ಆರಕ್ಕೆ ಮಾತ್ರೆ ನುಂಗಿ ಅಲ್ಲಿಗೇ ಪಾಠಕ್ಕೆ ಹೋಗುತ್ತಿದ್ದಳು. ಒಳಗೆ ಮೇಜಿನ ಸುತ್ತ ಆರು ಮಕ್ಕಳು ಕೂತಿದ್ದರು. ಗುಬ್ಬಿ ಹೊಸ್ತಿಲ ಹೊರಗೆ, ಚಪ್ಪಲಿಗಳ ಸಾಲಿನ ಪಕ್ಕ, ಮೊಣಕಾಲ ಮೇಲೆ ಪುಸ್ತಕ ಇಟ್ಟುಕೊಂಡು ಬರೆಯುತ್ತಿದ್ದಳು.

"ಯಾಕೆ ಇಲ್ಲಿ ಕೂರ್ಸಿದೀರಿ?"

"ಅಲ್ಲಿ ಗಾಳಿ ಚೆನ್ನಾಗಿ ಬರತ್ತೆ ಅಜ್ಜೀ," ಅಂದರು ಟೀಚರಮ್ಮ. ಮುಖದಲ್ಲಿ ಕೆಟ್ಟತನವೇನೂ ಇರಲಿಲ್ಲ. "ಬೆಳಕೂ ಕಮ್ಮಿ, ಅವಳ ಕಣ್ಣಿಗೆ ಒಳ್ಳೇದು."

ಅಜ್ಜಿ ಮೆಟ್ಟಿಲಿಳಿದು ಬಂದಳು. ಮಾರನೆಯ ದಿನ ಸಂಜೆ ಆರಕ್ಕೆ ಎರಡು ಮಾತ್ರೆ ಅಂಗೈಗೆ ಹಾಕಿಕೊಂಡು ಮೊಮ್ಮಗಳನ್ನು ನೋಡಿದಳು.

"ಇದೊಂದು ಹೊತ್ತು ಬೇಡ ಬಿಡು. ಪಾಠ ಮುಗೀಲಿ."

"ಆಮೇಲೆ ತಗೊಳ್ಲಾ ಅಜ್ಜಿ?"

"ಆಮೇಲೆ ತಗೊಂಡ್ರೆ ರಾತ್ರೀದಕ್ಕೆ ಹತ್ರ ಆಗತ್ತೆ. ಮೂರು ಹೊತ್ತು ಹೋಗ್ತಿದೆಯಲ್ಲ, ಸಾಕು. ನಿಮ್ಮಮ್ಮಂಗೆ ಹೇಳ್ಬೇಡ, ನನ್ನ ಚರ್ಮ ಸುಲೀತಾಳೆ."

ಗುಬ್ಬಿ ತಲೆಯಾಡಿಸಿದಳು. ಅಜ್ಜಿ ಮಾತ್ರೆಗಳನ್ನು ಗುಂಡಿಗಳ ತಗಡಿನ ಡಬ್ಬಿಗೆ ಹಾಕಿದಳು. ಬಿಳಿ ಗುಂಡಿಗಳ ನಡುವೆ ಅವು ಗುಂಡಿಗಳ ಹಾಗೇ ಬಿದ್ದುಕೊಂಡವು. ನಾಲ್ಕೇ ದಿನಕ್ಕೆ ಟೀಚರಮ್ಮ ಗುಬ್ಬಿಯನ್ನು ಒಳಗೆ ಕರೆದು ಮೇಜಿನ ಮೂಲೆಯಲ್ಲಿ ಕೂರಿಸಿಕೊಂಡರು.

ಅಮ್ಮನದು ಇನ್ನೂ ಒಂದು ವಾರ ತಡವಾಯಿತು. ಒಂದು ಬೆಳಿಗ್ಗೆ ಲಾಡ್ಜಿನಲ್ಲಿ ಉರುಳೆಯ ಆಚೆ ಬದಿ ನಿಲ್ಲುವ ಹೆಂಗಸು, ಎಲ್ಲರೂ ಬಾಯಿಬಡುಕಿ ಅನ್ನುತ್ತಿದ್ದವಳು, ಹಾಸುಬಟ್ಟೆಯ ತುದಿ ಹಿಡಿದು ಮೂಗು ಅರಳಿಸಿದಳು.

"ಏನಕ್ಕಾ, ನಿಮ್ಮನೇಲಿ ಗ್ಯಾಸ್ ಸೋರ್ತಿದ್ಯಾ? ಸೀರೆಗೆಲ್ಲ ಹತ್ಕೊಂಡ್ ಬಂದಿದೀಯ!"

ಉಳಿದವರು ನಕ್ಕರು. ಅಮ್ಮನೂ ನಕ್ಕಳು. ಬೆಳಿಗ್ಗೆ ಶಾಲೆಗೆ ಹೊರಟಾಗ ಗುಬ್ಬಿ ಅವಳನ್ನು ಅಪ್ಪಿಕೊಂಡಿದ್ದಳು.

ಮರುದಿನ ಬೆಳಿಗ್ಗೆ ಅಮ್ಮ ಬ್ರೆಡ್ಡಿಗೆ ಬೆಣ್ಣೆ ಸವರುತ್ತ, ಅಜ್ಜಿ ಬಚ್ಚಲಿನಲ್ಲಿದ್ದಾಳೆಂದು ಖಾತ್ರಿ ಮಾಡಿಕೊಂಡು, ತಗ್ಗಿದ ದನಿಯಲ್ಲಿ ಹೇಳಿದಳು. "ಹಾಡಿನ ತಾಲೀಮು ಬೆಳಗ್ಗೆ ಹೊತ್ತೇ ಅಲ್ವಾ? ವಾರ್ಷಿಕೋತ್ಸವ ಮುಗಿಯೋವರೆಗೂ ಬೆಳಗ್ಗೆದು ಬೇಡ. ಮಿಕ್ಕ ಮೂರನ್ನ ಮಾತ್ರ ತಪ್ಪಿಸ್ಬೇಡ, ಗೊತ್ತಾಯ್ತಾ?"

ಗುಬ್ಬಿ ಅಮ್ಮನ ಮುಖ ನೋಡಿದಳು.

"ಅಜ್ಜಿಗೆ ಹೇಳ್ಬೇಡ. ಅಪ್ಪಂಗಂತೂ ಹೇಳ್ಲೇಬೇಡ."

"ಹೂಂ."

ಮಾತ್ರೆಗಳು ಬಚ್ಚಲ ಗೂಡಿನ ಸೋಪಿನ ಪುಡಿಯ ಡಬ್ಬಿಯಲ್ಲಿ, ಪ್ಲಾಸ್ಟಿಕ್ ಚೀಲದೊಳಗೆ ಕೂತವು. ಆ ಡಬ್ಬಿಗೆ ಮನೆಯಲ್ಲಿ ಬೇರೆ ಯಾರೂ ಕೈಹಾಕುತ್ತಿರಲಿಲ್ಲ.

ಅಪ್ಪನ ವಿಷಯ ಬೇರೆ. ಅವನಿಗೆ ವಾಸನೆ ತೊಂದರೆಯಾಗಿರಲಿಲ್ಲ. ಎರಡು ಪಾಳಿ ಸೇರಿಸಿ ಓಡಿಸಿದ ಒಂದು ರಾತ್ರಿ ಅವನು ಅಲಾರಾಂ ಆರಿಸಿ ಕೂತಲ್ಲೇ ನಿದ್ದೆ ಹೋದ. ಎಚ್ಚರವಾದಾಗ ನಾಲ್ಕು ಗಂಟೆ. ಮಗಳು ಬಾಯಿ ತೆರೆದು ಮಲಗಿದ್ದಳು. ಐದು ವರ್ಷದಿಂದ ಅವಳ ಒಂದು ರಾತ್ರಿಯೂ ಇಡಿಯಾಗಿ ಕಳೆದಿರಲಿಲ್ಲ. ಆಗ ಕೊಟ್ಟರೆ ಬೆಳಗಿನದಕ್ಕೆ ಹತ್ತಿರವಾಗುತ್ತದೆಂದು ಎರಡು ಮಾತ್ರೆಗಳನ್ನು ಕನ್ನಡಕದ ಹಳೆಯ ಪೆಟ್ಟಿಗೆಗೆ ಹಾಕಿ, ಹಾಳೆಯಲ್ಲಿ ಗೆರೆ ಎಳೆದ. ಬೆಳಿಗ್ಗೆ ಗುಬ್ಬಿ ತಾನಾಗಿಯೇ ಎದ್ದು, ಕಣ್ಣಿನ ಕೆಳಗೆ ಕಪ್ಪಿಲ್ಲದೆ, ಅಜ್ಜಿಯ ಮುಂದೆ ಹಾಡಿನ ಎರಡು ಸಾಲು ಹೇಳಿದಳು.

"ನೋಡು, ನಿದ್ದೇಲೇ ಮಕ್ಕಳು ಬೆಳೆಯೋದು," ಅಂದಳು ಅಜ್ಜಿ ತನ್ನಷ್ಟಕ್ಕೆ.

ಆಮೇಲೆ ಅವನು ವಾರಕ್ಕೆರಡು ಸಲ ಎಬ್ಬಿಸದೆ ಬಿಟ್ಟ, ಆಮೇಲೆ ನಾಲ್ಕು ಸಲ, ಆಮೇಲೆ ದಿನವೂ. ಒಂದು ರಾತ್ರಿ ಪೆಟ್ಟಿಗೆ ಮುಚ್ಚುವ ಸದ್ದಿಗೆ ಗುಬ್ಬಿ ಕಣ್ಣು ಬಿಟ್ಟಳು. ಅವನು ತುಟಿಯ ಮೇಲೆ ಬೆರಳಿಟ್ಟ. ಅವಳು ಮತ್ತೆ ಕಣ್ಣು ಮುಚ್ಚಿದಳು.

ಐದನೆಯ ವಾರದ ಹೊತ್ತಿಗೆ ಮನೆಯಲ್ಲಿ ವಾಸನೆ ಇರಲಿಲ್ಲ.

ಮೊದಲು ಅಂದವಳು ಅಮ್ಮ, ದಿಂಬಿನ ಹೊದಿಕೆ ಬದಲಿಸುವಾಗ. "ಅತ್ತೆ, ಗಮನಿಸಿದ್ರಾ? ಎಷ್ಟು ಕಮ್ಮಿಯಾಗಿದೆ."

"ಮೈ ಹೊಂದ್ಕೊಂಡಿರತ್ತೆ," ಅಂದಳು ಅಜ್ಜಿ, ಸೂಜಿಗೆ ದಾರ ಪೋಣಿಸುತ್ತ, ಮುಖ ಎತ್ತದೆ.

"ಹೌದು, ವಯಸ್ಸಿಗೆ ಬರ್ತಾ ಮೈ ಬದಲಾಗತ್ತೆ," ಅಂದ ಅಪ್ಪ. ಅವನೂ ಮುಖ ಎತ್ತಲಿಲ್ಲ.

ಮೂವರಿಗೂ ಅಂದು ಊಟ ರುಚಿಸಿತು. ಅಮ್ಮ ಗುಬ್ಬಿಗೆ ಇನ್ನೊಂದು ಆಲೂಗಡ್ಡೆ ಬಡಿಸಿದಳು. ಗುಬ್ಬಿ ಅದರ ಮೇಲೆ ಉಪ್ಪು ಸುರಿದುಕೊಂಡು, ಅರ್ಧ ತಿಂದು, ನೀರು ಕುಡಿದು ಎದ್ದಳು.

ವಾರ್ಷಿಕೋತ್ಸವಕ್ಕೆ ಅಪ್ಪ ರಜೆ ಹಾಕಿದ. ಅಜ್ಜಿ ಮೊಮ್ಮಗಳ ಬಿಳಿ ಅಂಗಿಗೆ ಹೊಸ ಗುಂಡಿ ಹಾಕಿಕೊಟ್ಟಳು. ಮೂರು ಸಾಲಿನ ಹುಡುಗಿಯರಲ್ಲಿ ಗುಬ್ಬಿಗೆ ಮುಂದಿನ ಸಾಲಿನ ನಡುವೆ ಜಾಗ, ಗಿಡ್ಡ ಅಂತ. ದೀಪದ ಬೆಳಕಿಗೆ ಕಣ್ಣು ಕಿರಿದು ಮಾಡಿಕೊಂಡೇ ಹಾಡಿದಳು. ಪಕ್ಕದ ಹುಡುಗಿ ಅವಳ ಕೈ ಹಿಡಿದುಕೊಂಡಿದ್ದಳು. ಹಾಡು ಮುಗಿದ ಮೇಲೂ ಬಿಡಲಿಲ್ಲ. ಆ ಹುಡುಗಿಯೇ ಮುಂದಿನ ವಾರ ತನ್ನ ಹುಟ್ಟುಹಬ್ಬಕ್ಕೆ ಕರೆದಳು. ಗುಬ್ಬಿಯನ್ನು ಯಾರಾದರೂ ಮನೆಗೆ ಕರೆದದ್ದು ಅದೇ ಮೊದಲು.

"ಹುಟ್ಟುಹಬ್ಬ ಒಂದು ಮುಗೀಲಿ," ಅಂದಳು ಅಮ್ಮ ಬೆಳಿಗ್ಗೆ, ಸೋಪಿನ ಡಬ್ಬಿ ಮುಚ್ಚುತ್ತ. ಹುಟ್ಟುಹಬ್ಬ ಮುಗಿದ ಮೇಲೆ ಪರೀಕ್ಷೆ ಬಂತು.

ಒಂಬತ್ತನೆಯ ವಾರದಿಂದ ಗುಬ್ಬಿ ರಾತ್ರಿ ನಾಲ್ಕೈದು ಸಲ ಬಚ್ಚಲಿಗೆ ಏಳತೊಡಗಿದಳು. ಬಿಂದಿಗೆ ನೀರು ಮಧ್ಯಾಹ್ನಕ್ಕೇ ಮುಗಿಯುತ್ತಿತ್ತು. ಮೆಟ್ಟಿಲು ಹತ್ತುವಾಗ ಕಾಲು ಹಿಡಿದುಕೊಂಡು ಕೂತುಬಿಡುತ್ತಿದ್ದಳು. ಬೆಳಗಿನ ಬ್ರೆಡ್ಡು ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ.

"ಹುಟ್ಟುಹಬ್ಬದಲ್ಲಿ ಏನೇನು ತಿಂದ್ಯೇ?" ಅಂದಳು ಅಮ್ಮ.

"ಕೇಕು."

"ಕೇಕು ತಿಂದು ಎರಡು ವಾರ ಆಯ್ತಲ್ಲೇ!"

"ಬೆಳೆಯೋ ಕಾಲು, ನೋವು ಬರತ್ತೆ," ಅಂದಳು ಅಜ್ಜಿ. ಎಣ್ಣೆ ಬಿಸಿ ಮಾಡಿ ತಿಕ್ಕಿದಳು. ಸೀಮೆಸುಣ್ಣದ ಗೆರೆ ಎಳೆದು ಬೀರು ಮುಚ್ಚಿದಳು.

ಹನ್ನೊಂದನೆಯ ವಾರ ಆಸ್ಪತ್ರೆಯ ತಾರೀಖು. ಅಮ್ಮ ಗೆರೆ ಎಳೆದ ಹಾಳೆಗಳನ್ನು ಮಡಿಚಿ ಕೈಚೀಲದಲ್ಲಿ ಇಟ್ಟುಕೊಂಡಳು. ಅಪ್ಪನೂ ಹೊರಟ. ಮೊದಲು ರಕ್ತ ಕೊಟ್ಟು, ನಾಲ್ಕು ದಿನ ಬಿಟ್ಟು ಫಲಿತಾಂಶಕ್ಕೆ ಹೋದರು. ಡಾಕ್ಟರಮ್ಮ ಕಾಗದ ನೋಡುವ ಮೊದಲು ಗುಬ್ಬಿಯನ್ನು ಹತ್ತಿರ ಕರೆದು, ಅವಳ ತಲೆಯ ಹತ್ತಿರ ಬಾಗಿ ಉಸಿರು ಎಳೆದುಕೊಂಡರು. ಆಮೇಲೆ ನರ್ಸಿನ ಜೊತೆ ಹೊರಗೆ ಕಳಿಸಿದರು.

"ಯಾವತ್ತು ನಿಲ್ಲಿಸಿದ್ರಿ?"

"ಏನು ಡಾಕ್ಟ್ರೇ?"

"ಮಾತ್ರೆ."

"ನಿಲ್ಲಿಸೋದಾ?" ಅಮ್ಮ ಹಾಳೆಗಳನ್ನು ಬಿಡಿಸಿದಳು. "ನೋಡಿ, ಒಂದು ಹೊತ್ತೂ ಬಿಟ್ಟಿಲ್ಲ. ನಾಲ್ಕು ಜನ ನೋಡ್ಕೋತೀವಿ."

ಡಾಕ್ಟರಮ್ಮ ಕಾಲಂಗಳ ಮೇಲೆ ಬೆರಳಾಡಿಸಿದರು. "ಗೆರೆ ಎಲ್ಲಾ ಅಚ್ಚುಕಟ್ಟಾಗಿದೆ. ಈ ಮಾತ್ರೆ ನುಂಗೋ ಮಕ್ಕಳು ಏಳು ಜನ ಬರ್ತಾರೆ ನನ್ನ ಹತ್ರ. ಬಾಗಿಲು ತೆಗೆದ ಕೂಡ್ಲೇ ಗೊತ್ತಾಗತ್ತೆ ಬಂದ್ರು ಅಂತ. ಇವಳು ಬಂದಿದ್ದು ಗೊತ್ತೇ ಆಗ್ಲಿಲ್ಲ ನನಗೆ." ರಕ್ತದ ಕಾಗದವನ್ನು ಅವರ ಕಡೆ ತಿರುಗಿಸಿದರು. "ಹರಳಿನ ಅಂಶ ಹೋದ ಸಲಕ್ಕಿಂತ ಆರು ಪಟ್ಟು. ಕಿಡ್ನಿ ಮೊದಲೇ ಅಂಚಿನಲ್ಲಿತ್ತು, ವಾಂತಿಯಾಗಿ ಮೈಯಲ್ಲಿ ನೀರೂ ಒಣಗಿದೆ. ಈಗ ಕಾಲು ಭಾಗವೂ ಕೆಲಸ ಮಾಡ್ತಿಲ್ಲ."

"ಮಾತ್ರೆ ಜಾಸ್ತಿ ಕೊಟ್ರೆ ಸರಿಹೋಗತ್ತಾ?" ಅಂದ ಅಪ್ಪ.

"ಹರಳು ಇಳಿಯತ್ತೆ. ಹೋದ ಕಿಡ್ನಿ ಬರಲ್ಲ. ಒಂದು ವರ್ಷ, ಹೆಚ್ಚಂದ್ರೆ ಒಂದೂವರೆ. ಆಮೇಲೆ ವಾರಕ್ಕೆ ಮೂರು ದಿನ ರಕ್ತ ತೊಳೆಯೋ ಮಿಷಿನ್ನು. ಕಿಡ್ನಿ ಕೊಡೋರು ಯಾರು ಅಂತ ಮನೇಲಿ ಈಗಿಂದ್ಲೇ ಮಾತಾಡಿ."

ಅಮ್ಮ ಹಾಳೆಗಳನ್ನು ಮೊದಲಿದ್ದ ಮಡಿಕೆಗೇ ಮಡಿಚಿದಳು. ಅಪ್ಪ ನೆಲ ನೋಡುತ್ತಿದ್ದ.

ಮನೆಗೆ ಬಂದವಳೇ ಅಮ್ಮ ಗುಬ್ಬಿಯ ಶಾಲೆಯ ಚೀಲವನ್ನು ಮೇಜಿನ ಮೇಲೆ ತಲೆಕೆಳಗು ಮಾಡಿದಳು. ಜಾಮಿಟ್ರಿ ಪೆಟ್ಟಿಗೆ ಬಿದ್ದು ಬಾಯಿ ಬಿಟ್ಟಿತು. ಕೈವಾರ, ರಬ್ಬರು, ಮಾತ್ರೆಗಳು. ಪೆಟ್ಟಿಗೆ ಸಾಲದೆ ಚೀಲದ ಒಳಜೇಬಿಗೂ ತುಂಬಿದ್ದಳು.

"ಮಧ್ಯಾಹ್ನದ್ದು! ನೋಡ್ರೀ, ನೋಡಿ ಅತ್ತೆ! ಮಧ್ಯಾಹ್ನದ್ದು ಒಂದೂ ನುಂಗಿಲ್ಲ ಇವಳು!" ಕೈ ಬೀಸಿ ಕೆನ್ನೆಗೆ ಹೊಡೆದಳು. "ಸಾಯ್ತೀಯ ಅಂತ ಗೊತ್ತಿಲ್ವಾ ನಿನಗೆ? ಗೊತ್ತಿಲ್ವಾ?"

ಗುಬ್ಬಿ ಅಳಲಿಲ್ಲ. ಕೆನ್ನೆಯ ಮೇಲೆ ನಾಲ್ಕು ಬೆರಳು ಮೂಡಿದವು.

"ಮಗೂನ ಹೊಡೀಬೇಡ," ಅಂದಳು ಅಜ್ಜಿ.

"ನೀವು ನಡುವೆ ಬರ್ಬೇಡಿ! ನಿಮ್ಮ ಮುದ್ದಿನಿಂದ್ಲೇ ಇಷ್ಟಾಗಿದ್ದು."

"ಹೌದು, ಅದಕ್ಕೇ ಬರ್ತಿರೋದು." ಅಜ್ಜಿ ಕಿಟಕಿಯ ಬಳಿ ಹೋಗಿ ತಗಡಿನ ಡಬ್ಬಿ ತಂದು ಮೇಜಿನ ಮೇಲೆ ಬಗ್ಗಿಸಿದಳು. ಗುಂಡಿಗಳು ಉರುಳಿ ನೆಲಕ್ಕೆ ಬಿದ್ದವು. ಮಾತ್ರೆಗಳನ್ನು ಒಂದೊಂದಾಗಿ ಆರಿಸಿ ಪಕ್ಕಕ್ಕೆ ಗುಡ್ಡೆ ಹಾಕಿದಳು. "ಸಂಜೇದು. ಚಪ್ಪಲಿ ಪಕ್ಕ ಕೂತಿತ್ತು ಕಣೇ ಮಗು. ನೋಡಕ್ಕಾಗ್ಲಿಲ್ಲ ನನಗೆ."

"ಅತ್ತೆ!"

"ಒಂದೇ ಹೊತ್ತಲ್ವಾ ಅಂದ್ಕೊಂಡೆ. ನೀವೆಲ್ಲಾ ಸರಿಯಾಗಿ ಕೊಡ್ತಿದೀರಲ್ಲ ಅಂತ."

ಅಪ್ಪ ಎದ್ದು ಗೂಟಕ್ಕೆ ನೇತುಹಾಕಿದ್ದ ಖಾಕಿ ಅಂಗಿಯ ಜೇಬಿನಿಂದ ಕನ್ನಡಕದ ಪೆಟ್ಟಿಗೆ ತೆಗೆದ. ಕೆಳಗಿನ ಡ್ರಾಯರಿನಿಂದ ಒಂದು ಕಾಲುಚೀಲವನ್ನೂ ತಂದ. ಎರಡನ್ನೂ ಮೇಜಿನ ಮೇಲೆ ಸುರಿದ.

"ಮಲಗಿರೋಳನ್ನ ಎಬ್ಬಿಸೋಕೆ ಮನಸ್ಸು ಬರ್ಲಿಲ್ಲ."

ಮೂರು ಗುಡ್ಡೆಗಳು. ಅಮ್ಮ ಕುರ್ಚಿಯ ಬೆನ್ನು ಹಿಡಿದು ನಿಂತಿದ್ದಳು.

"ಹಂಗಾದ್ರೆ ಬೆಳಗ್ಗೆದೊಂದೇ ಹೊಟ್ಟೆಗೆ ಹೋಗಿರೋದು," ಅಂದ ಅಪ್ಪ. ದನಿಯಲ್ಲಿ ಜೀವ ಇರಲಿಲ್ಲ. "ಒಂದಾದ್ರೂ ಹೋಯ್ತಲ್ಲ. ನಿಮ್ಮಮ್ಮ ಒಬ್ಬಳಾದ್ರೂ ಸರಿಯಾಗಿ ಕೊಟ್ಳಲ್ಲ."

"ಹೂಂ," ಅಂದಳು ಗುಬ್ಬಿ. "ಬೆಳಗ್ಗೆದು ಅಮ್ಮ ದಿನಾ ಕೊಡ್ತಿದ್ಳು."

ಹೇಳುವಾಗ ಅಮ್ಮನ ಕಡೆ ನೋಡಲಿಲ್ಲ. ಕೆನ್ನೆ ಇನ್ನೂ ಕೆಂಪಗಿತ್ತು.

ಅಮ್ಮ ಕುರ್ಚಿ ಬಿಟ್ಟು ಬಚ್ಚಲಿಗೆ ಹೋದಳು. ಗೂಡಿನಿಂದ ಡಬ್ಬಿ ಇಳಿಸುವ ಸದ್ದು ಕೇಳಿತು. ಮೊಣಕೈವರೆಗೆ ಸೋಪಿನ ಪುಡಿ ಮೆತ್ತಿಕೊಂಡು ವಾಪಸು ಬಂದಳು. ಪ್ಲಾಸ್ಟಿಕ್ ಚೀಲದ ಗಂಟು ಬಿಚ್ಚಲಾಗದೆ ಹಲ್ಲಿನಿಂದ ಹರಿದಳು. ನಾಲ್ಕನೆಯ ಗುಡ್ಡೆ ಉಳಿದವಕ್ಕಿಂತ ಸಣ್ಣದಿರಲಿಲ್ಲ.

ಅಜ್ಜಿ ನೆಲದ ಮೇಲೆ ಬಿದ್ದ ಗುಂಡಿಗಳನ್ನು ಆರಿಸತೊಡಗಿದಳು.

"ನಾಲ್ಕೂ ನಿಂತಿದೆ ಅಂತ ನಿನಗೊಬ್ಬಳಿಗೇ ಗೊತ್ತಿತ್ತಲ್ಲೇ," ಅಂದಳು ಅಮ್ಮ. "ಯಾಕೆ ಹೇಳ್ಲಿಲ್ಲ?"

"ಎಲ್ರೂ ಹೇಳ್ಬೇಡ ಅಂದ್ರಿ."

"ಅಂದ್ರೆ?"

"ನಾನು ಹೇಳಿದ್ರೆ ನೀವು ಜಗಳ ಆಡ್ತಿದ್ರಿ." ಗುಬ್ಬಿ ಅಂದಳು, "ಆಮೇಲೆ ವಾಸನೆ ಇರ್ಲಿಲ್ಲ. ಎಲ್ರೂ ಖುಷಿಯಾಗಿದ್ರಿ. ನಾನೂ ಇದ್ದೆ."

ಗಡಿಯಾರ ಆರು ಹೊಡೆದು ಹತ್ತು ನಿಮಿಷವಾಗಿತ್ತು. ಅಜ್ಜಿ ಬೀರುವಿನಿಂದ ಹೊಸ ಡಬ್ಬಿ ತೆಗೆದು ಎರಡು ಮಾತ್ರೆ ಅಂಗೈಗೆ ಹಾಕಿಕೊಂಡಳು. ಗುಬ್ಬಿ ಬಾಯಿ ತೆರೆದಳು. ನುಂಗಿದ ಮೇಲೆ, ಯಾರೂ ಕೇಳದಿದ್ದರೂ, ನಾಲಿಗೆ ಎತ್ತಿ ಮೂವರಿಗೂ ತೋರಿಸಿದಳು.

ಆ ರಾತ್ರಿ ಹನ್ನೆರಡಕ್ಕೆ ಅಪ್ಪ ಎಬ್ಬಿಸುವ ಮೊದಲೇ ಅಮ್ಮ ಎದ್ದು ನಿಂತಿದ್ದಳು. ಅಜ್ಜಿಯೂ ಎದ್ದು ಕೂತಿದ್ದಳು. ಒಬ್ಬರನ್ನೊಬ್ಬರು ನಂಬುವುದು ಮುಗಿದಿತ್ತು. ಮುಂದಿನ ದಿನಗಳಲ್ಲಿ ಒಬ್ಬರು ಕೊಡುವಾಗ ಇನ್ನೊಬ್ಬರು ನೋಡಬೇಕೆಂದಾಯಿತು, ಹಾಳೆಯಲ್ಲಿ ಒಂದೊಂದು ಚೌಕಕ್ಕೆ ಎರಡೆರಡು ಗೆರೆ. ಮಧ್ಯಾಹ್ನದ್ದಕ್ಕೆ ಅಜ್ಜಿಯೇ ಶಾಲೆಯ ಗೇಟಿಗೆ ನಡೆದು ಹೋಗತೊಡಗಿದಳು.

"ಆಯಾ ಅನ್ಕೊಂಡಿದಾರೆ ನನ್ನನ್ನ ಆ ಕಾವಲುಗಾರರು," ಅಂದಳು ಒಂದು ದಿನ ಊಟದ ಹೊತ್ತಿಗೆ. ಯಾರೂ ನಗಲಿಲ್ಲ.

ಅಪ್ಪ ಕಿಡ್ನಿ ಪರೀಕ್ಷೆಗೆ ರಕ್ತ ಕೊಟ್ಟು ಬಂದ. ಅವನ ರಕ್ತದೊತ್ತಡ ಜಾಸ್ತಿ, ಆಗುವುದಿಲ್ಲ ಅಂದರು. ಅಮ್ಮ ಕೊಟ್ಟು ಬಂದಳು. ಅವಳದು ಇನ್ನೂ ತಿಳಿದಿರಲಿಲ್ಲ.

"ನಂದು ತಗೊಳ್ಳಲ್ವಂತಾ?" ಅಂದಳು ಅಜ್ಜಿ.

"ನಿಮ್ಮ ವಯಸ್ಸಿಗೆ ತಗೊಳ್ಳಲ್ಲ ಅತ್ತೆ."

"ಗುಂಡಿ ಹೊಲಿಯೋಕೆ ಆಗತ್ತೆ, ಅದಕ್ಕೆ ಮಾತ್ರ ಆಗಲ್ಲ," ಅಂದು ಅಜ್ಜಿ ಗೋಡೆಯ ಕಡೆ ತಿರುಗಿದಳು.

ಒಂದು ವಾರಕ್ಕೆ ವಾಸನೆ ಮರಳಿತು. ಮೊದಲು ದಿಂಬಿನಲ್ಲಿ, ಆಮೇಲೆ ಕೂದಲಿನಲ್ಲಿ, ಆಮೇಲೆ ಇಡೀ ಕೋಣೆಯಲ್ಲಿ. ಬೆಳಗಿನ ಮಾತ್ರೆ ಕೊಟ್ಟು ಕಾಲು ಗಂಟೆ ಬಿಟ್ಟು ಅಮ್ಮ ಮಗಳ ನೆತ್ತಿಗೆ ಮೂಗು ಒತ್ತಿ ನೋಡುತ್ತಿದ್ದಳು, ಒಗೆದ ಬಟ್ಟೆ ಒಣಗಿದೆಯೋ ಇಲ್ಲವೋ ಎಂದು ಕೆನ್ನೆಗೆ ಒತ್ತಿ ನೋಡುವ ಹಾಗೆ. ಮೇಲಿನ ಟೀಚರಮ್ಮ ಗುಬ್ಬಿಯನ್ನು ಮತ್ತೆ ಹೊಸ್ತಿಲ ಹೊರಗೆ ಕೂರಿಸಿದರು. ಹುಟ್ಟುಹಬ್ಬದ ಹುಡುಗಿ ಬೆಂಚು ಬದಲಿಸಿದಳು.

ಸೋಮವಾರ ಬೆಳಿಗ್ಗೆ ಅಮ್ಮ ಡೈರಿ ತೆರೆದು ಆ ಕೆಂಪು ಶಾಯಿಯ ಪುಟ ಹುಡುಕಿದಳು. ಅಪ್ಪನ ಸಹಿಯ ಕೆಳಗಿನ ಖಾಲಿ ಜಾಗದಲ್ಲಿ, ಲಾಡ್ಜಿನ ಕಪ್ಪು ಪೆನ್ನಿನಿಂದ, ಅಕ್ಷರ ಅಕ್ಷರ ಬಿಡಿಸಿ ಬರೆದಳು.

'ನನ್ನ ಮಗಳು ಸ್ವಚ್ಛವಾಗಿದ್ದಾಳೆ. ಅವಳಿಗೆ ಒಂದು ಕಾಯಿಲೆ ಇದೆ, ಅದರ ಮಾತ್ರೆಯಿಂದ ವಾಸನೆ ಬರುತ್ತದೆ. ವಾಸನೆ ಬಾರದ ದಿನ ದಯವಿಟ್ಟು ಕೂಡಲೇ ನನಗೆ ಫೋನ್ ಮಾಡಿ.' ಕೆಳಗೆ ನಂಬರು, ಸಹಿ.

ಗುಬ್ಬಿ ಭುಜದ ಹಿಂದಿನಿಂದ ಓದಿದಳು. "ಬೇಡಮ್ಮ. ಟೀಚರ್ ಎಲ್ಲರ ಮುಂದೆ ಓದ್ತಾರೆ."

"ಓದ್ಲಿ."

"ಎಲ್ರಿಗೂ ಗೊತ್ತಾಗತ್ತೆ."

"ಆಗ್ಲಿ."

"ನಿನಗೇನು, ನೀನು ಅಲ್ಲಿ ಕೂರಲ್ಲ!" ಅವಳು ಅಮ್ಮನ ಎದುರು ದನಿ ಎತ್ತಿದ್ದು ಅದೇ ಮೊದಲು.

"ಕೂರಲ್ಲ," ಅಂದಳು ಅಮ್ಮ. ಶಾಯಿ ಒಣಗಲೆಂದು ಪುಟದ ಮೇಲೆ ಊದಿದಳು. ಡೈರಿಯನ್ನು ಚೀಲಕ್ಕೆ ಹಾಕಿ ಜಿಪ್ಪು ಎಳೆದಳು. "ಬಾ ಇಲ್ಲಿ."

ಗುಬ್ಬಿ ಬರಲಿಲ್ಲ. ಅಮ್ಮನೇ ಹೋಗಿ ಅಪ್ಪಿಕೊಂಡಳು. ಗುಬ್ಬಿ ಕೈ ಇಳಿಬಿಟ್ಟು ನಿಂತಿದ್ದು, ಬಿಡಿಸಿಕೊಂಡು, ಚೀಲ ಹೊತ್ತು, ಗೋಡೆ ಹಿಡಿದು ಒಂದೊಂದೇ ಮೆಟ್ಟಿಲು ಇಳಿದಳು.

ಲಾಡ್ಜಿನಲ್ಲಿ ಉರುಳೆ ಆಗಲೇ ಕಾದಿತ್ತು. ಬಾಯಿಬಡುಕಿ ಹಾಸುಬಟ್ಟೆಯ ಆಚೆ ತುದಿ ಹಿಡಿದು ಮೂಗು ಅರಳಿಸಿದಳು.

"ಏನಕ್ಕಾ, ಮತ್ತೆ ಶುರುವಾಯ್ತಾ ನಿಮ್ಮನೆ ಗ್ಯಾಸು?"

"ಶುರುವಾಯ್ತು," ಅಂದಳು ಅಮ್ಮ, ಈಚೆ ತುದಿಯನ್ನು ಉರುಳೆಗೆ ಕೊಡುತ್ತ. "ನಡುವೆ ನಿಲ್ಲಲೇಬಾರ್ದಿತ್ತು."